ನೆಗೆಣ್ಣಿಯ ನೀಲಿ ಗೋಡೆ

ಮಮದಾಪುರದ ಭೀಮಾಬಾಯಿಗೆ ಮೈದುನನ ಹೆಂಡತಿ, ನೆಗೆಣ್ಣಿ ಚಂದ್ರಕಲಾಳ ಮೇಲೆ ಮೊದಲೇನೂ ಸಿಟ್ಟಿರಲಿಲ್ಲ. ಅಣ್ಣತಮ್ಮಂದಿರು ಬೇರೆಯಾದಾಗ ಇದ್ದೊಂದು ತಗಡಿನ ಮನೆಯನ್ನೇ ಎರಡು ಪಾಲು ಮಾಡಿಕೊಂಡಿದ್ದರು. ಮುಂಭಾಗದ ತಗಡಿನ ಗೋಡೆ ಮಾತ್ರ ಈ ತುದಿಯಿಂದ ಆ ತುದಿಗೆ ಒಂದೇ. ಬಿಸಿಲು ಮಳೆಗೆ ಸಿಕ್ಕು ಅದು ಜಂಗು ಹಿಡಿದು ಕೆಂಪಗಾಗಿತ್ತು. ಅತ್ತೆ ಹೀರಾಬಾಯಿ ಹಿರಿಯ ಸೊಸೆಯ ಪಾಲಿನ ಗೋಡೆಗೆ ಬೆನ್ನು ಕೊಟ್ಟು ಕೂತು, ಹೋಗಿಬರುವವರನ್ನೆಲ್ಲ ಮಾತಾಡಿಸುತ್ತಿದ್ದಳು.

ದೀಪಾವಳಿಯ ಹೊತ್ತಿಗೆ ಚಂದ್ರಕಲಾ ತನ್ನ ಪಾಲಿಗೆ ನೀಲಿ ಬಣ್ಣ ಹಚ್ಚಿದಳು. ಅದು ಒಣಗಿದ್ದೇ ತಡ, ಅತ್ತೆ ಚಾಪೆ ಎತ್ತಿಕೊಂಡು ಅತ್ತ ನಡೆದಳು.

"ನಿನ್ನ ತಗಡಿಗೆ ಬೆನ್ನ ಹಚ್ಚಿದ್ರ ಸೀರಿಗೆಲ್ಲಾ ಜಂಗು ಹತ್ತತೈತಿ ಬೇ," ಎಂದಳು.

ಇಪ್ಪತ್ತು ವರ್ಷ ಆಕೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದವಳು ತಾನು, ಒಂದು ಡಬ್ಬಿ ಬಣ್ಣಕ್ಕೆ ಆಕೆ ಆಚೆಯವಳಾದಳೇ? ಭೀಮಾಬಾಯಿ ರೊಟ್ಟಿ ಬಡಿಯುತ್ತ ಕೂತರೆ ಆಚೆಯಿಂದ ಅತ್ತೆ, ನೆಗೆಣ್ಣಿಯರ ನಗು ಕೇಳುತ್ತಿತ್ತು. ಯಾರ ಮೇಲೆ ನಗುತ್ತಾರೋ ಎಂದು ಕಿವಿಗೊಡುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದುಹೋಗುತ್ತಿತ್ತು.

ಗಂಡ ಬೀರಣ್ಣ ಬಬಲೇಶ್ವರದ ಸಂತೆಗೆ ಹೊರಟಾಗ, "ಆ ನೀಲಿಗಿಂತ ಎದ್ದು ಕಾಣೂ ಹಸರು ತರ್ರಿ," ಎಂದಳು. ಬಂದ ಬಣ್ಣವನ್ನು ಜಂಗಿನ ಮೇಲೆಯೇ ಒಂದೇ ದಿನದಲ್ಲಿ ಬಳಿದು ಮುಗಿಸಿದಳು. ಚಂದ್ರಕಲಾ ಏನೋ ಹೇಳಲು ಬಂದರೆ ಮುಖ ತಿರುಗಿಸಿದಳು. ಗೋಡೆ ಮಿಂಚಿತು. ಅತ್ತೆಯೂ ಬಂದಳು. ಆಚೆ ಮನೆಗೆ ಕೇಳುವಂತೆ ಭೀಮಾಬಾಯಿ, "ಅತ್ತೀ, ಚಾ ಕುಡೀರಿ!" ಎಂದು ಕೂಗಿದಳು.

ಯುಗಾದಿಯ ಮುಂದೆ ಅಕಾಲದ ಮಳೆ ಬಿತ್ತು. ಹಸಿರು ಬಣ್ಣ ಹಕ್ಕಳೆ ಹಕ್ಕಳೆಯಾಗಿ ಎದ್ದು ಅತ್ತೆಯ ತಲೆಯ ಮೇಲೆಲ್ಲ ಉದುರಿತು. ಚಂದ್ರಕಲಾ ನಕ್ಕುಬಿಟ್ಟಳು.

"ನಗ್ತೀಯೇನು? ಗೊತ್ತಿದ್ದೂ ನನಗ ಹೇಳ್ಲಿಲ್ಲ ನೀ!"

"ಜಂಗಿನ ಮ್ಯಾಲ ಬಣ್ಣ ನಿಲ್ಲಂಗಿಲ್ಲ ಅಂತ ಹೇಳಾಕಂತನ ಬಂದಿದ್ನಿ ಅಕ್ಕಾ. ನೀನ ಮಾರಿ ತಿರುವಿದಿ."

ಅತ್ತೆ ಮತ್ತೆ ಚಾಪೆ ಎತ್ತಿದಳು. ಎರಡು ದಿನ ಭೀಮಾಬಾಯಿ ಉದುರಿದ ಹಕ್ಕಳೆ ಗುಡಿಸಿದಳು. ಮೂರನೆಯ ದಿನ ನೆಗೆಣ್ಣಿಯ ಬಾಗಿಲಲ್ಲಿ ನಿಂತು, "ಹ್ಯಾಂಗ ಮಾಡಬೇಕು, ಹೇಳ," ಎಂದಳು.

ಚಂದ್ರಕಲಾ ತಂತಿ ಬ್ರಶ್ ಹಿಡಿದೇ ಹೊರಬಂದಳು. ಇಬ್ಬರೂ ಸೇರಿ ಹಳೆಯ ಬಣ್ಣವನ್ನೂ ಜಂಗನ್ನೂ ಕೆರೆದರು. ಸೋಪಿನ ನೀರಿನಿಂದ ತಿಕ್ಕಿ ತೊಳೆದರು. ಒಣಗಿದ ಮೇಲೆ ಜಂಗು ತಡೆಯುವ ರೆಡ್ ಆಕ್ಸೈಡ್ ಬಣ್ಣ ಹಚ್ಚಿ, ಅದೂ ಒಣಗಿದ ಮೇಲೆ ಹಸಿರು ಬಳಿದರು. ನೆಗೆಣ್ಣಿಯ ಕೈ ಎಷ್ಟು ಚುರುಕು ಎಂದು ಭೀಮಾಬಾಯಿಗೆ ಅಲ್ಲಿಯೂ ಹೊಟ್ಟೆ ಉರಿಯಿತು.

"ಅತ್ತಿ ನನ್ನ ಕಡೆ ಕುಂತ್ರೂ ದಿನಾ ನಿನ್ನ ಸುದ್ದೀನ ಹೇಳ್ತಾಳ," ಎಂದಳು ಚಂದ್ರಕಲಾ. "ಭೀಮವ್ವನ ರೊಟ್ಟಿ, ಭೀಮವ್ವನ ಪಲ್ಲೆ ಅಂತ. ಕೇಳಿ ಕೇಳಿ ನನಗ ಸಂಕಟ ಆಗತೈತಿ."

ಭೀಮಾಬಾಯಿ ಕೇಳಿಸದವಳಂತೆ ಬ್ರಶ್ ಆಡಿಸಿದಳು. ಸ್ವಲ್ಪ ಹೊತ್ತಿನ ಮೇಲೆ ತಡೆಯಲಾರದೆ, "ಮತ್ತೇನೇನ ಹೇಳ್ತಾಳ?" ಎಂದಳು.

ಈಗ ಅತ್ತೆ ನೆರಳು ನೋಡಿ ಬೆಳಿಗ್ಗೆ ಒಂದು ಕಡೆ, ಸಂಜೆ ಒಂದು ಕಡೆ ಕೂರುತ್ತಾಳೆ. ಮೊನ್ನೆ ಅರಕೇರಿಯ ಸಂಗಮೇಶ ಗೋಡೆ ನೋಡಿ, ತನ್ನ ತಗಡಿನ ಶೆಡ್ಡಿಗೂ ಹೀಗೇ ಬಣ್ಣ ಹಚ್ಚಿಕೊಡಲು ಚಂದ್ರಕಲಾಳನ್ನು ಕರೆದ. ಭೀಮಾಬಾಯಿಯ ಮುಖ ಸಣ್ಣದಾಯಿತು.

"ನಮ್ಮ ಅಕ್ಕ ಬಂದ್ರ ಬರ್ತೀನ್ರಿ," ಎಂದಳು ಚಂದ್ರಕಲಾ.

ಮರುದಿನ ಇಬ್ಬರೂ ಬಸ್ ಹತ್ತಿದರು. ಕಿಟಕಿಯ ಸೀಟು ಹಿಡಿಯಲು ಭೀಮಾಬಾಯಿಯೇ ಮುಂದೆ ನುಗ್ಗಿದಳು.