ಒಂದು ಎನ್ನದ ಕರಿಯಪ್ಪ

೧೯೭೮ರಲ್ಲಿ ನಾನು ಚಿತ್ರದುರ್ಗದ ಒಂದು ಆಸ್ಪತ್ರೆಯಲ್ಲಿ ಆಯಾ ಆಗಿದ್ದೆ. ಓದಿದ್ದು ಎರಡನೇ ಕ್ಲಾಸು. ಆ ವರ್ಷ ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿದ ನಳಿನಿ ಎಂಬ ಹುಡುಗಿ ಸ್ಪೀಚ್ ಥೆರಪಿಸ್ಟ್ ಆಗಿ ಬಂದಳು. ತೊದಲುವವರಿಗೆ, ಮಾತು ನಿಂತವರಿಗೆ ಮಾತು ಕಲಿಸುವ ಕೆಲಸ. ಆರು ತಿಂಗಳ ತಾತ್ಕಾಲಿಕ ಹುದ್ದೆ. ಬ್ಯಾಂಡೇಜು ಇಡುವ ಕೋಣೆ ಖಾಲಿ ಮಾಡಿಸಿ ಕೊಟ್ಟು, ಅವಳ ಜೊತೆ ನನ್ನನ್ನು ಹಾಕಿದರು. ಮಾತಾಡಿಸುವುದಕ್ಕೂ ಸಂಬಳವೇ ಎಂದು ನರ್ಸುಗಳು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಅವಳಿಗೆ ಸಿಕ್ಕ ಮೊದಲ ದೊಡ್ಡ ಕೇಸು ಚಿಕ್ಕಜಾಜೂರಿನ ಕರಿಯಪ್ಪ. ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಸಿಟ್ಟು ಬಂದರೆ ತಟ್ಟೆ ಎಸೆಯುತ್ತಿದ್ದ. ದೊಡ್ಡ ಡಾಕ್ಟರು ಹದಿನೈದು ದಿನ ಗಡುವು ಕೊಟ್ಟರು. ಬುದ್ಧಿ ನೆಟ್ಟಗಿದೆ ಎಂದು ನಳಿನಿ ಬರೆದರೆ ಇಲ್ಲೇ ಚಿಕಿತ್ಸೆ, ಇಲ್ಲವಾದರೆ ಬೆಂಗಳೂರಿನ ಹುಚ್ಚಾಸ್ಪತ್ರೆಗೆ.

ಅವನ ಹೆಂಡತಿ ಗೌರಮ್ಮ ಅಳಲಿಲ್ಲ. “ಒಂದ್ಸಲ ಹುಚ್ಚ ಅನ್ನಿಸ್ಕಂಡ್ರೆ ಆತು. ಆಮ್ಯಾಲೆ ನೆಟ್ಟಗಾದ್ರೂ ಊರಾಗೆ ಯಾರೂ ಮಾತಾಡ್ಸಲ್ಲ” ಎಂದಳು.

ಅಫೇಸಿಯಾ ಎಂದರೇನು ಎಂದು ನಳಿನಿ ನನಗೆ ಹೇಳಿದ್ದಳು. ಬುದ್ಧಿ ಇರುತ್ತದೆ, ಬೇಕಾದ ಮಾತು ಬಾಯಿಗೆ ಸಿಕ್ಕುವುದಿಲ್ಲ. ಆದರೂ ಬಾಯಿಪಾಠವಾದ ಎಣಿಕೆ, ವಾರದ ಹೆಸರು ತಾವಾಗಿ ಬರುವುದುಂಟು. ಅದಕ್ಕೇ ದಿನವೂ ಒಂದರಿಂದ ಹತ್ತು ಎಣಿಸಲು ಹೇಳುತ್ತಿದ್ದಳು. ಕರಿಯಪ್ಪ ಬಾಯಿ ಬಿಡುತ್ತಿರಲಿಲ್ಲ.

ಎರಡು ದಿನ ರಜೆ ಮುಗಿಸಿ ನಾನು ಬಂದಾಗ ಗಡುವಿಗೆ ಒಂದೇ ದಿನ ಉಳಿದಿತ್ತು. ನೆಲ ಒರೆಸುತ್ತಿದ್ದೆ. ಎಣಿಸಿ ಎಂದಳು ನಳಿನಿ. ಅವನು ಬಾಯಿ ಎಳೆದು “ಲಾಭ” ಎಂದ. ಮತ್ತೆ ಕೇಳಿದರೂ ಅದೇ. ನಿನ್ನೆಯಿಂದ ಇದೊಂದೇ ಮಾತು, ಎಣಿಸು ಎಂದರೆ ವ್ಯಾಪಾರ ಹೇಳುತ್ತಾನೆ, ಬುದ್ಧಿ ಚದುರಿದೆ ಎಂದು ಪೆನ್ನು ತೆಗೆದು ಬರೆಯತೊಡಗಿದಳು.

“ಅಮ್ಮಾರೆ, ರಾಗಿ ಅಳೆಯೋದು ಯಾವತ್ತಾರ ನೋಡಿರೇನು?” ಎಂದೆ.

“ಇಲ್ಲ ತಿಪ್ಪಕ್ಕ, ಯಾಕೆ?”

“ಮತ್ತೆ ಸುಮ್ನೆ ಬರೀಬ್ಯಾಡ್ರಿ.”

ನಮ್ಮ ಕಡೆ ಕಾಳು ಅಳೆಯುವವನು ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾನೆ. ಆಮೇಲೆ ಎರಡು, ಮೂರು. ಅದನ್ನು ನಳಿನಿಗೆ ಹೇಳಿ, ನಿನ್ನ ಗಂಡ ಏನು ಕೆಲಸ ಮಾಡುತ್ತಿದ್ದ ಎಂದು ಗೌರಮ್ಮನನ್ನು ಕೇಳಿದೆ.

“ಕಾಳಿನ ಮಂಡಿಯಾಗೆ ಅಳೆಯೋದು. ಮೂವತ್ತು ವರ್ಸ ಆತು. ಯಾರೂ ಕೇಳ್ಲಿಲ್ಲ.”

ಫಾರಮ್ಮಿನಲ್ಲಿ ಹೆಸರು, ವಯಸ್ಸು, ಊರು ಇತ್ತು. ಕೆಲಸ ಇರಲಿಲ್ಲ.

ಅಡಿಗೆಮನೆಯಿಂದ ಪಾವು, ರಾಗಿ ತಂದು ಮಂಚದ ಮೇಲೆ ಬಟ್ಟೆ ಹಾಸಿ ಸುರಿದೆ. ಕರಿಯಪ್ಪ ಎಡಗೈಯಲ್ಲಿ ಪಾವು ಹಿಡಿದ. ಅರ್ಧ ಚೆಲ್ಲಿತು. “ಲಾಭ” ಎಂದು ಸುರಿದ. ಎರಡನೆಯದಕ್ಕೆ “ಎರಡು” ಎಂದ. ಮೂರಕ್ಕೆ ತಡವರಿಸಿದ, ಕೈ ಸುರಿಯಿತು, ಮಾತು ಬಂತು. ಒಂಬತ್ತಕ್ಕೆ ರಾಗಿ ಮುಗಿಯಿತು.

“ಇನ್ನೊಂದ್ಸಲ ಸುರೀರಿ” ಎಂದಳು ಗೌರಮ್ಮ.

ನಳಿನಿ ಬರೆದಿದ್ದನ್ನು ಹೊಡೆದುಹಾಕಿದಳು. ಬೆಂಗಳೂರಿನ ಮಾತು ಅಲ್ಲಿಗೆ ನಿಂತಿತು.

ಕರಿಯಪ್ಪ ಪೂರ್ತಿ ಗುಣವಾಗಲಿಲ್ಲ. ನಾಲ್ಕು ತಿಂಗಳಲ್ಲಿ ನೀರು, ಅನ್ನ, ಹೆಂಡತಿ ಹೆಸರು ಬಂದವು. ಬಲಗೈ ಬರಲಿಲ್ಲ. ಊರಿಗೆ ಹೋದ ಮೇಲೆ ಮಂಡಿಯಲ್ಲಿ ಬೇರೆಯವನು ಅಳೆದ, ಇವನು ರಾಶಿ ಪಕ್ಕ ಕೂತು ಎಣಿಕೆ ಕೂಗಿದ. ನಳಿನಿಯ ಹುದ್ದೆ ಮುಂದುವರಿಯಿತು. ಫಾರಮ್ಮಿನಲ್ಲಿ ಹೆಸರಿನ ಕೆಳಗೇ ‘ಏನು ಕೆಲಸ’ ಎಂದು ಅವಳು ಕೈಯಲ್ಲಿ ಗೆರೆ ಎಳೆದು ಬರೆಯುತ್ತಿದ್ದಳು.

ತಪ್ಪು ಎಂದು ಬರೆಯುವ ಮುಂಚೆ ಎದುರಿಗಿರುವವನು ಏನು ಮಾಡಿ ಬದುಕಿದ ಎಂದು ಕೇಳಬೇಕು. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ. ರಾಗಿ ಅಳೆದ ಮಾರನೇ ದಿನವೇ ನಳಿನಿ ತನ್ನ ಕೋಣೆಗೆ ಇನ್ನೊಂದು ಸ್ಟೂಲು ತರಿಸಿ, ಹೊಸಬರು ಬಂದಾಗ ನೆಲ ಆಮೇಲೆ ಒರೆಸು, ಮೊದಲು ಇಲ್ಲಿ ಕೂತು ಕೇಳಿಸಿಕೋ ಎಂದಳು.