ಕಪ್ ಬರುವವರೆಗೆ ಮೀನಿಲ್ಲ

ನನ್ನ ಮಾವನವರು ದೇವರಿಗೆ ಟೋಪಿ ಹಾಕಲು ಹೋಗಿ ತಾವೇ ಹಾಕಿಸಿಕೊಂಡ ಕತೆ ಇದು. ಅವರನ್ನು ಕೇಳಿದರೆ ಬೇರೆ ರೀತಿ ಹೇಳುತ್ತಾರೆ. ಆದರೆ ಆ ಇಪ್ಪತ್ತೈದು ದಿನ ಅಡುಗೆಮನೆಯಲ್ಲಿ ನಿಂತು ಬದನೆಕಾಯಿ ಹೆಚ್ಚಿದವಳು ನಾನು. ಹಾಗಾಗಿ ಹೇಳುವ ಹಕ್ಕು ನನ್ನದು.

ನಾನು ಅಂಕೋಲೆಯವಳು. ಮದುವೆಯಾಗಿ ಬಂದದ್ದು ಕಾರವಾರದಿಂದ ಕಾಳಿ ಸೇತುವೆ ದಾಟಿದರೆ ಸಿಗುವ ಚಿತ್ತಾಕುಲಕ್ಕೆ. ಮನೆಯಲ್ಲಿ ಎಲ್ಲರದೂ ಕೊಂಕಣಿ, ನನ್ನ ಜೊತೆ ಮಾತ್ರ ಕನ್ನಡ. ಮಾವನವರು ಸರಕಾರಿ ನೌಕರಿ ಮುಗಿಸಿ ಮನೆಯಲ್ಲಿದ್ದಾರೆ. ವಾರದಲ್ಲಿ ಸೋಮವಾರ ಒಂದು ಬಿಟ್ಟು ಉಳಿದ ದಿನ ಮಧ್ಯಾಹ್ನ ತಾಟಿನಲ್ಲಿ ಮೀನಿಲ್ಲದಿದ್ದರೆ ಅವರು ಅನ್ನವನ್ನು ಸುಮ್ಮನೆ ದಿಟ್ಟಿಸುತ್ತಾರೆ. ಸೋಮವಾರ ದೇವರ ದಿನ, ಅವತ್ತು ಅವರು ಹುಟ್ಟಿದಾಗಿನಿಂದ ಮೀನು ಮುಟ್ಟಿಲ್ಲ. ಮೀನು ಬಿಟ್ಟರೆ ಅವರಿಗೆ ಇರುವುದು ಒಂದೇ, ನಮ್ಮೂರಿನ ಫುಟ್‌ಬಾಲ್ ಕ್ಲಬ್ಬು.

ಪ್ರಾಯದಲ್ಲಿ ಅವರು ಆ ಕ್ಲಬ್ಬಿನ ಗೋಲ್‌ಕೀಪರ್ ಆಗಿದ್ದರು. ಒಂದು ವರ್ಷ ಲೀಗಿನ ಕೊನೆಯ ಮ್ಯಾಚು ಅಂಕೋಲೆಯವರ ಮೇಲೆ. ಡ್ರಾ ಆದರೆ ಸಾಕು, ಕಪ್ ನಮ್ಮದು. ಕೊನೆಯ ನಿಮಿಷದಲ್ಲಿ ಒಂದು ಬಾಲು, ಯಾರೂ ಸರಿಯಾಗಿ ಒದೆಯದ್ದು, ಮೇಯಲು ಹೋದ ಕರು ಮನೆಗೆ ಬಂದ ಹಾಗೆ ನಿಧಾನವಾಗಿ ಬಂದು ಮಾವನವರ ಎರಡು ಕಾಲಿನ ನಡುವೆ ಹಾದು ಒಳಗೆ ಹೋಯಿತಂತೆ. ಊರಿಗೆಲ್ಲ ಗೊತ್ತು, ಅವರ ಎದುರು ಯಾರೂ ಎತ್ತುವುದಿಲ್ಲ. ನನಗೆ ಹೇಳಿದವರು ಅತ್ತೆ, ಅದೂ ಬಾಗಿಲು ಹಾಕಿಕೊಂಡು. ಆವತ್ತಿನಿಂದ ನಲವತ್ತು ವರ್ಷ ನಮ್ಮ ಕ್ಲಬ್ಬು ಕಪ್ ಮುಟ್ಟಿಲ್ಲ, ಮಾವನವರು ಅಂಕೋಲೆಯವರನ್ನು ಕ್ಷಮಿಸಿಲ್ಲ.

"ಅಂಕೋಲೆಯವ್ರಿಗೆ ಮಾವಿನಹಣ್ಣು ಗೊತ್ತು. ಫುಟ್‌ಬಾಲು ಗೊತ್ತಿಲ್ಲ" ಎಂದು ನನ್ನ ಮದುವೆಯ ಊಟದ ಪಂಕ್ತಿಯಲ್ಲೇ ಹೇಳಿದ್ದರು. ಯಾಕೆಂದರೆ ಎದುರಿಗೆ ಕೂತಿದ್ದ ನನ್ನ ತಮ್ಮ ಅಂಕೋಲೆ ತಂಡದ ಗೋಲ್‌ಕೀಪರ್. ಪಂಚಾಯತಿಯಲ್ಲಿ ಗುಮಾಸ್ತ, ಹೊಟ್ಟೆ ಸ್ವಲ್ಪ ಮುಂದೆ. ಅವನನ್ನು ಮೇಲಿಂದ ಕೆಳಗೆ ನೋಡಿ ಮಾವ ಇನ್ನೊಂದು ಮಾತು ಸೇರಿಸಿದರು: "ಇಷ್ಟು ಅಗಲ ಇದ್ದೂ ಬಾಲು ಒಳಗೆ ಹೆಂಗೆ ಹೋಗ್ತದೆ ಮಾರಾಯಾ?" ತಮ್ಮ ಪಾಪ, ನಕ್ಕು ಇನ್ನೊಂದು ಹೋಳಿಗೆ ಹಾಕಿಸಿಕೊಂಡ.

ಇಂಥ ಮನೆಯಲ್ಲಿ ನಾನಿರುವಾಗ, ಮೊನ್ನೆಯ ಮೇ ತಿಂಗಳಿನಲ್ಲಿ, ನಮ್ಮ ಕ್ಲಬ್ಬು ಹುಚ್ಚು ಹಿಡಿದ ಹಾಗೆ ಗೆಲ್ಲತೊಡಗಿತು. ಇನ್ನು ಮೂರು ಮ್ಯಾಚು ಉಳಿದಿದ್ದವು. ಮೂರರಲ್ಲಿ ಒಂದು ಗೆದ್ದರೆ ಸಾಕು. ಊರಿನವರು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಲು ಕೂತರು. 'ಚಾಂಪಿಯನ್ನರಿಗೆ ಸ್ವಾಗತ' ಎಂದು ಬ್ಯಾನರ್ ಬಂತು. ಮೆರವಣಿಗೆಗೆ ಟೆಂಪೋ ಹೇಳಿಟ್ಟರು. ಲಡಿ ಪಟಾಕಿಯ ಪೆಟ್ಟಿಗೆಗಳು ನಮ್ಮ ಜಗುಲಿಗೇ ಬಂದು ಕೂತವು.

ಮೊದಲ ಮ್ಯಾಚಿಗೆ ಎರಡು ದಿನ ಇರುವಾಗ, ಶುಕ್ರವಾರ, ಮಾವ ದೇವಸ್ಥಾನದಲ್ಲಿ ಎಲ್ಲ ಆಟಗಾರರ ಎದುರು ಕೈಮುಗಿದು ಗಟ್ಟಿಯಾಗಿ ಹೇಳಿದರು: "ದೇವಾ, ಕಪ್ ನಮ್ಮೂರಿಗೆ ಬರೂವರೆಗೆ ನನ್ನ ಮನೆ ಹೊಸ್ತಿಲು ಮೀನು ದಾಟೂದಿಲ್ಲ. ನನ್ನ ಬಾಯಿಗೂ ಇಲ್ಲ, ಮನೆಯವ್ರ ಬಾಯಿಗೂ ಇಲ್ಲ."

ನಮ್ಮ ಕಡೆ ಮನುಷ್ಯ ಚಿನ್ನ ಕೊಡುತ್ತೇನೆ ಅನ್ನಬಹುದು, ಕೂದಲು ಕೊಡುತ್ತೇನೆ ಅನ್ನಬಹುದು, ಮೀನು ಬಿಡುತ್ತೇನೆ ಅನ್ನುವವರು ಯಾರು? ಕ್ಯಾಪ್ಟನ್ ಬಂದು ಕಾಲಿಗೆ ಬಿದ್ದ. ಮನೆಗೆ ಬಂದು ಈ ಸುದ್ದಿ ಹೇಳುವಾಗ ಮಾವನ ಎದೆ ಎರಡಿಂಚು ಉಬ್ಬಿತ್ತು.

ಅತ್ತೆ ಕೈಯಲ್ಲಿದ್ದ ಕಾಯಿ ತುರಿಯುವುದನ್ನು ನಿಲ್ಲಿಸಲೂ ಇಲ್ಲ. "ನಾಳೆ ಸಂಕಷ್ಟಿ, ಹೆಂಗೂ ಮೀನಿಲ್ಲ. ನಾಡಿದ್ದು ಸಂಜೆ ಮ್ಯಾಚು. ಅಂದ್ರೆ ದೇವ್ರಿಗೆ ನೀವು ಕೊಟ್ಟದ್ದು ಒಂದು ಭಾನುವಾರದ ಮಧ್ಯಾಹ್ನದ ಊಟ. ಅದಕ್ಕೆ ಇಷ್ಟು ದೊಡ್ಡ ಬಾಯಿ!" ಎಂದರು.

ಮಾವ ಸುಮ್ಮನೆ ಮೀಸೆಯಡಿ ನಕ್ಕರು. ಲೆಕ್ಕ ಅದೇ ಇತ್ತು.

ಭಾನುವಾರ ಡ್ರಾ ಆಯಿತು. ಪರವಾಗಿಲ್ಲ, ಇನ್ನೊಂದು ವಾರ ಅಂದರು. ಮುಂದಿನ ಭಾನುವಾರವೂ ಡ್ರಾ. ಅಷ್ಟರಲ್ಲಿ ಮನೆಯ ವಾತಾವರಣ ಕೆಟ್ಟಿತ್ತು. ದಿನಾ ಬೆಳಿಗ್ಗೆ ಬುಟ್ಟಿ ಹೊತ್ತು ಬರುವ ಮೀನಿನವಳು ನಮ್ಮ ಗೇಟಿನ ಎದುರು ಬೇಕೆಂದೇ ಬುಟ್ಟಿ ಇಳಿಸಿ ಬಾಳೆಎಲೆ ಸರಿಸುತ್ತಿದ್ದಳು. "ಅವ್ರು ಚೆಂಡು ಒದೀದಿದ್ರೆ ನೀವು ನನ್ನ ಹೊಟ್ಟೆಗೆ ಎಂತಕೆ ಒದೀತ್ರಿ?" ಎಂದು ಮಾವನನ್ನು ಕೇಳಿದಳು. ಮಾವ ಹಿತ್ತಿಲಿಗೆ ಹೋಗಿ ತೆಂಗಿನಮರದ ಬುಡ ನೋಡುತ್ತ ನಿಂತರು. ನಮ್ಮ ಬೆಕ್ಕು ನಾಲ್ಕು ದಿನ ಕಾದು ಪಕ್ಕದ ಮನೆಗೆ ಹೋಗಿ ಅಲ್ಲಿಯದೇ ಆಯಿತು.

ನನ್ನವರಿಗೆ ಬ್ಯಾಂಕಿನಲ್ಲಿ ಕೆಲಸ, ನಿಯಮದೊಳಗೆ ಸಂದು ಹುಡುಕುವ ಬುದ್ಧಿ. ಒಂದು ರಾತ್ರಿ ಊಟಕ್ಕೆ ಕೂತಾಗ, "ಬಾಬಾ, ಸಿಗಡಿ ಮೀನಲ್ಲ. ಅದಕ್ಕೆ ಮುಳ್ಳೇ ಇಲ್ಲ. ಬೆಳಚೂ ಮೀನಲ್ಲ, ಅದು ಬರೀ ಚಿಪ್ಪು, ಕಲ್ಲಿನ ಜಾತಿ" ಎಂದರು.

"ನೀರಲ್ಲಿ ಹುಟ್ಟಿದ್ದೆಲ್ಲ ಮೀನೇ" ಎಂದರು ಮಾವ.

"ಹಂಗಾರೆ ತಾವರೆ ಹೂವೂ ಮೀನೇನಾ? ಅದನ್ನೇ ದೇವ್ರ ತಲೆ ಮೇಲೆ ಇಡ್ತ್ರಿ."

ಮಾವನಿಗೆ ಸಿಟ್ಟು ಬಂದರೆ ಕನ್ನಡ ನಿಂತು ಕೊಂಕಣಿ ಶುರುವಾಗುತ್ತದೆ. ಅವತ್ತು ಬಹಳ ಹೊತ್ತು ಕೊಂಕಣಿ ನಡೆಯಿತು. ಆದರೆ ಒಂದು ಮಾತು ಒಪ್ಪಬೇಕು. ಹರಕೆ ಹೊತ್ತದ್ದು ಕಳ್ಳ ಲೆಕ್ಕದಲ್ಲಾದರೂ ನಡೆಸಿದ್ದು ಪ್ರಾಮಾಣಿಕವಾಗಿ. ಮದುವೆಯ ಬೀಗರೂಟಕ್ಕೆ ಹೋದರೂ ಅನ್ನ ಮಜ್ಜಿಗೆ ಉಂಡು ಬಂದರು. ಪ್ಯಾಂಟು ಸಡಿಲವಾಗಿ ಬೆಲ್ಟಿಗೆ ಹೊಸ ತೂತು ಹೊಡೆದರು.

ಮೂರನೆಯ ಭಾನುವಾರ ನಾನು ಅಮ್ಮನನ್ನು ನೋಡಲು ಅಂಕೋಲೆಗೆ ಹೋಗಿದ್ದೆ. ಅಮ್ಮ ಬಂಗಡೆ ಹುರಿದಿದ್ದಳು. ನಾನು ಮೂರು ತಿಂದೆ. ಸಂಜೆ ನಮ್ಮ ಕ್ಲಬ್ಬು ಸೋತಿತು. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಇಲ್ಲಿ ಬರೆದಿದ್ದೇನೆ, ಮಾವ ಓದುವುದು ಕ್ರೀಡಾ ಪುಟ ಮಾತ್ರ ಎಂಬ ಧೈರ್ಯದಿಂದ.

ನಮ್ಮ ಮ್ಯಾಚುಗಳೆಲ್ಲ ಮುಗಿದವು. ಎರಡನೆಯ ಸ್ಥಾನದಲ್ಲಿದ್ದ ಬಿಣಗಾದವರಿಗೆ ಮುಂದಿನ ಭಾನುವಾರ ಒಂದು ಬಾಕಿ. ಅದರಲ್ಲಿ ಅವರು ಗೆದ್ದರೆ ಕಪ್ ಅವರದು. ಡ್ರಾ ಆದರೂ, ಸೋತರೂ ನಮ್ಮದು. ಆ ಮ್ಯಾಚು ಯಾರ ಮೇಲೆ? ಅಂಕೋಲೆಯವರ ಮೇಲೆ!

ಸೋಮವಾರ ಬೆಳಿಗ್ಗೆ ನಾನು ಚಹಾ ಕೊಟ್ಟಾಗ ಮಾವ ಲೋಟ ತೆಗೆದುಕೊಂಡು ಕುಡಿಯದೆ ಕೂತರು. ಆಮೇಲೆ ಕಿಟಕಿಯ ಕಡೆ ನೋಡುತ್ತ, ಕೊಂಕಣಿಯಲ್ಲಿ ಮಗಳೇ ಎಂದು ಕರೆದು ಕೇಳಿದರು: "ಬಾಯ, ನಿನ್ನ ತಮ್ಮ ಆರಾಮ ಇದ್ದಾನಾ?"

ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವನನ್ನು ವಿಚಾರಿಸಿದ್ದು ಇದೇ ಮೊದಲ ಸಲ. ನನಗೆ ನಗು ತಡೆಯಲು ಸೆರಗು ಬೇಕಾಯಿತು. "ಆರಾಮ ಇದ್ದಾನೆ ಮಾವ" ಎಂದೆ.

"ನೆಗಡಿ ಗಿಗಡಿ ಇಲ್ಲ ಅಲ್ಲ? ಕಣ್ಣು ಸರಿ ಕಾಣ್ತದಾ? ಮಾವಿನಹಣ್ಣು ಜಾಸ್ತಿ ತಿನ್ಬೇಡ ಅನ್ನು, ಹೊಟ್ಟೆ ಭಾರ ಆಗ್ತದೆ." ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ಮತ್ತೆ, ಕಾಲು ಕೂಡಿಸಿ ನಿಲ್ಲೂಕೆ ಹೇಳು" ಎಂದರು.

ಆ ವಾರವಿಡೀ ಇದೇ ಪಾಡು. ದಿನಾ ಸಂಜೆ ನನ್ನ ಕೈಯಲ್ಲಿ ತಮ್ಮನಿಗೆ ಫೋನು ಮಾಡಿಸುವುದು, ತಾವು ಪಕ್ಕದಲ್ಲಿ ನಿಂತು ಪಿಸುಗುಡುವುದು. ನಾನೇ ಮಾತಾಡುತ್ತೇನೆ, ಅವರು ಮಾತಾಡುವುದಿಲ್ಲ. ಅಂಕೋಲೆಯವನ ಜೊತೆ ಹೇಗೆ ಮಾತಾಡುವುದು? ಕೊನೆಗೆ ತಮ್ಮನೇ ರೋಸಿಹೋಗಿ, "ಅಕ್ಕಾ, ನಾ ಮದ್ವಿ ಹೆಣ್ಣಾ? ದಿನಾ ಕಾಲು ಕೂಡ್ಸು ಕಾಲು ಕೂಡ್ಸು ಅಂದ್ರೆ ನಡಿಯೂದು ಹೆಂಗೆ?" ಎಂದ.

ಮಾವ ಭಾನುವಾರವನ್ನು ಮೀನಿಗಾಗಿಯೂ ಕಾಯುತ್ತಿದ್ದರು. ಮಂಗಳವಾರದಿಂದ ಮಳೆಗಾಲದ ಮೀನುಗಾರಿಕೆ ನಿಷೇಧ ಶುರು, ದೋಣಿಗಳೆಲ್ಲ ದಡಕ್ಕೆ. ಎರಡು ತಿಂಗಳು ದೊಡ್ಡ ಮೀನಿನ ಮುಖ ಕಾಣುವಂತಿಲ್ಲ. ಆದರೆ ಭಾನುವಾರ ಇಪ್ಪತ್ತು ನಿಮಿಷ ಆಡುವಷ್ಟರಲ್ಲಿ ಮಳೆ ಹೊಡೆಯಿತು. ಕಾರವಾರದ ಮೈದಾನ ಕೆರೆಯಾಯಿತು. ರೆಫ್ರಿ ಸೀಟಿ ಊದಿ, ನಾಳೆ ನಾಲ್ಕು ಗಂಟೆಗೆ ಮೊದಲಿನಿಂದ ಆಡಿ ಎಂದುಬಿಟ್ಟರು.

ನಾಳೆ ಎಂದರೆ ಸೋಮವಾರ. ಮೀನು ಮಾರುಕಟ್ಟೆಯ ಕೊನೆಯ ದಿನ, ಮಧ್ಯಾಹ್ನಕ್ಕೇ ಎಲ್ಲ ಖಾಲಿಯಾಗುವ ದಿನ. ಮಾವ ಆ ದಿನ ಮೀನು ತಿನ್ನುವಂತಿಲ್ಲ. ತಂದಿಟ್ಟು ಮಂಗಳವಾರ ತಿನ್ನೋಣವೆಂದರೆ, ಕಪ್ ಬರುವ ಮೊದಲು ಮೀನು ಹೊಸ್ತಿಲು ದಾಟುವಂತಿಲ್ಲ. ಮ್ಯಾಚು ಮುಗಿದ ಮೇಲೆ ಕೊಳ್ಳೋಣವೆಂದರೆ ಮೀನೇ ಇಲ್ಲ.

"ದೇವ್ರು ನಿಮ್ಮ ಲೆಕ್ಕಕ್ಕೆ ತನ್ನ ಲೆಕ್ಕ ಹಾಕ್ದ" ಎಂದರು ಅತ್ತೆ.

ಮಾವ ಮರುದಿನ ಹನ್ನೊಂದಕ್ಕೆ ಮಾರುಕಟ್ಟೆಗೆ ಹೋಗಿ ತೋಳಿನಷ್ಟು ಉದ್ದದ ಒಂದು ಇಸ್ವಾಣ ಕೊಂಡರು. ಥರ್ಮೋಕೋಲ್ ಡಬ್ಬಿಯಲ್ಲಿ ಬರ್ಫ ತುಂಬಿಸಿ ಮೀನು ಮಲಗಿಸಿ, ಮನೆಗೂ ಬರದೆ, ಊಟವನ್ನೂ ಮಾಡದೆ ಸೀದಾ ಮೈದಾನಕ್ಕೆ ಹೋಗಿ ಗೋಲಿನ ಹಿಂದೆ ಡಬ್ಬಿಯಿಟ್ಟು ಅದರ ಮೇಲೆ ಕೂತರು. ಕಪ್ ಬಂದರೆ ಮೀನು ಮನೆಗೆ, ನಾಳೆ ಸಾರು. ಬಾರದಿದ್ದರೆ ದಾರಿಯಲ್ಲಿ ಸಿಕ್ಕವರಿಗೆ ದಾನ, ಮತ್ತು ಮುಂದಿನ ವರ್ಷದವರೆಗೆ ಬದನೆಕಾಯಿ.

ನಾವು ನಾಲ್ಕಕ್ಕೆ ತಲುಪಿದಾಗ ಅವರ ಸುತ್ತ ಮೂರು ನಾಯಿ, ಒಂದು ಬೆಕ್ಕು. ಗೋಲ್‌ಪೋಸ್ಟಿನ ಮೇಲೆ ಕಾಗೆಗಳು. ಅಂಕೋಲೆಯವರನ್ನು ಜೀವಮಾನವಿಡೀ ಬೈದ ನಮ್ಮೂರಿನ ಜನ ಸಾಲಾಗಿ ನಿಂತು, "ಅಂಕೋಲಾ! ಅಂಕೋಲಾ!" ಎಂದು ಕೂಗುತ್ತಿದ್ದರು. ಕೂಗುವಾಗ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಆಟ ಆಟದ ಹಾಗಿರಲಿಲ್ಲ. ಕೆಸರಿನಲ್ಲಿ ಒದ್ದ ಬಾಲು ಅಲ್ಲೇ ಕೂರುತ್ತಿತ್ತು, ಒದ್ದವನು ಮುಂದೆ ಹೋಗುತ್ತಿದ್ದ. ಎರಡನೆಯ ಅರ್ಧದಲ್ಲಿ ನನ್ನ ತಮ್ಮ, ಮಾವ ಕೂತಿದ್ದ ಕಡೆಯ ಗೋಲಿಗೆ ಬಂದ. ಇಬ್ಬರ ನಡುವೆ ಬರೀ ಬಲೆ. ಮಾವ ಈಗ ಪಿಸುಗುಡುವುದನ್ನೂ ಬಿಟ್ಟಿದ್ದರು. ಮೊಣಕಾಲುಗಳನ್ನು ಒಂದಕ್ಕೊಂದು ಒತ್ತಿ ಹಿಡಿದು ಕೂತಿದ್ದರು. ಬರ್ಫ ಕರಗಿ ಅವರ ಪ್ಯಾಂಟು ಒದ್ದೆಯಾಗಿತ್ತು.

ಕೊನೆಯ ನಿಮಿಷ, ಇನ್ನೂ ಗೋಲಿಲ್ಲ. ಬಿಣಗಾದವನೊಬ್ಬ ಒದೆಯಲು ಹೋಗಿ ಜಾರಿ ಬಿದ್ದ. ಅವನ ಹಿಮ್ಮಡಿ ತಾಗಿದ ಬಾಲು ಒಬ್ಬರ ಕಾಲಿನಡಿ, ಇನ್ನೊಬ್ಬರ ಕಾಲಿನಡಿ ನುಸುಳಿ ಹೊರಬಂತು. ಜೋರಿಲ್ಲ, ಏನಿಲ್ಲ. ನಿಧಾನವಾಗಿ ಉರುಳುತ್ತ ತಮ್ಮನ ಎರಡು ಕಾಲಿನ ನಡುವೆಯೇ ಬರತೊಡಗಿತು. ನನ್ನ ಪಕ್ಕದಲ್ಲಿದ್ದ ಅತ್ತೆ ನನ್ನ ಕೈ ಹಿಂಡಿದರು. ಆ ಬಾಲು ಅತ್ತೆಗೆ ಗುರುತು ಸಿಕ್ಕಿತ್ತು.

ಮಾವ ಎದ್ದು ನಿಲ್ಲಲಿಲ್ಲ. ಕೂತಲ್ಲೇ ಕೂಗಿದರು, ಹೊಟ್ಟೆಯೊಳಗಿಂದ: "ಕಾಲ್ ಕೂಡ್ಸೋ ಅಳಿಯಾ!"

ತಮ್ಮ ಹಾರಲಿಲ್ಲ, ಬೀಳಲಿಲ್ಲ. ಮೊಣಕಾಲು ಎರಡನ್ನೂ ಟಪ್ಪೆಂದು ಕೂಡಿಸಿ, ಕೋಳಿ ಮೊಟ್ಟೆಯ ಮೇಲೆ ಕೂತ ಹಾಗೆ ಬಾಲಿನ ಮೇಲೆ ಕೂತುಬಿಟ್ಟ. ಅದೇ ಕ್ಷಣಕ್ಕೆ ಡಬ್ಬಿಯ ಮುಚ್ಚಳ ಮುರಿದು ಮಾವ ಬರ್ಫದೊಳಗೆ ಕೂತರು. ಬಲೆಯ ಈಚೆ ಒಬ್ಬರು, ಆಚೆ ಒಬ್ಬರು, ಎದ್ದೇಳಲು ಬಾರದೆ ಮುಖಮುಖ ನೋಡಿಕೊಂಡರು. ರೆಫ್ರಿ ಸೀಟಿ ಊದಿದರು. ಡ್ರಾ, ಕಪ್ ನಮ್ಮದು!

ನಮ್ಮವರು ಕಪ್ ಎತ್ತಲು ಓಡಿದರು. ಮೂರು ವಾರ ಬಿಸಿಲಿಗೆ ಹಾಕಿ ಹಾಕಿ ಉಳಿಸಿದ ಪಟಾಕಿಯಲ್ಲಿ ಅರ್ಧ ಟುಸ್ ಎಂದವು, ಅರ್ಧ ಹಾರಿದವು. ಮಾವ ಕಪ್ಪಿನ ಕಡೆ ಹೋಗಲಿಲ್ಲ. ಇಸ್ವಾಣವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮೈದಾನದೊಳಗೆ ನಡೆದರು. ನಾಯಿಗಳೂ ಹಿಂದೆ ಹೋದವು. ತಮ್ಮ ಕೆಸರು ಮೆತ್ತಿಕೊಂಡು ನಿಂತಿದ್ದ. "ಕಾಲು ಕೂಡ್ಸಿದೆ ಮಾವಾ" ಎಂದ.

"ಕಂಡೆ" ಎಂದರು ಮಾವ. ಮೀನನ್ನು ಅವನ ಕೈಗೆ ಹಾಕಿದರು. "ಆವತ್ತು ನಂಗೆ ಯಾರೂ ಹೇಳ್ಲಿಲ್ಲ ನೋಡು."

ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಕಂಡೆ. ನನಗೂ ಬಂತು. ಅತ್ತೆ ಮಾತ್ರ ಸೇತುವೆ ದಾಟುವಾಗ ರಿಕ್ಷಾದಲ್ಲಿ, "ಮೀನು ಪೂರ್ತಿ ಕೊಡ್ಬೇಕಿತ್ತಾ? ತಲೆನಾದ್ರೂ ಇಟ್ಕೊಳ್ಳೂಕಾಗ್ತಿತ್ತು" ಎಂದರು. ಮಾವನಿಗೆ ಆಗ ಅರಿವಾಯಿತು. ಕಪ್ ಬಂತು, ಹರಕೆ ತೀರಿತು, ಎರಡು ತಿಂಗಳಿಗೆ ಸಮುದ್ರ ಮುಚ್ಚಿತು.

ಮಂಗಳವಾರ ಮಧ್ಯಾಹ್ನ ನಾನು ಮತ್ತೆ ಬದನೆಕಾಯಿ ಹೆಚ್ಚುತ್ತಿದ್ದಾಗ ಗೇಟು ಸದ್ದಾಯಿತು. ತಮ್ಮ. ಪಂಚಾಯತಿಗೆ ರಜೆ ಹಾಕಿ, ಬಸ್ಸಿನಲ್ಲಿ ನಾಲ್ಕು ತಟ್ಟೆಯ ಡಬ್ಬಿಯನ್ನು ತೊಡೆಯ ಮೇಲೆ ಹಿಡಿದುಕೊಂಡು ಬಂದಿದ್ದ. ಅಮ್ಮ ಇಡೀ ಇಸ್ವಾಣವನ್ನು ಮಾವಿನಕಾಯಿ ಹಾಕಿ ಸಾರು ಮಾಡಿ ಕಳಿಸಿದ್ದಳು. ಹೊಸ್ತಿಲಿನಲ್ಲಿ ಅವನು ನಿಂತ. "ದಾಟ್ಬಹುದಾ ಮಾವಾ?" ಎಂದ.

ಮಾವ ಅವನನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದರು. ನಾವೆಲ್ಲ ಕಾದೆವು. ಅವರು ಕಣ್ಣು ತೆರೆದು ಹೇಳಿದರು:

"ಅಂಕೋಲೆಯವ್ರಿಗೆ ಫುಟ್‌ಬಾಲು ಗೊತ್ತುಂಟು. ಮೀನಿನ ಸಾರು ಮಾಡೂಕೆ ಗೊತ್ತಿಲ್ಲ."

ಹೇಳಿ, ಮೂರನೆಯ ಸಲ ಅನ್ನ ಹಾಕಿಸಿಕೊಂಡರು.