ಕಾಫಿ ಕಣದ ಹಾಯಿದೋಣಿ

ನನ್ನ ಮಾವನವರ ಬಲ ಅಂಗೈಯಲ್ಲಿ, ಹೆಬ್ಬೆರಳಿನ ಬುಡದ ಸುತ್ತ, ಸೂಜಿ ಚುಚ್ಚಿದಂಥ ಸಣ್ಣ ಸಣ್ಣ ಕಪ್ಪು ಚುಕ್ಕೆಗಳಿದ್ದವು. ಬಡಿಸುವಾಗ ಅವರು ಸಾಕೆಂದು ಕೈ ಅಡ್ಡ ಹಿಡಿದರೆ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ನೌಕಾಪಡೆಯಲ್ಲಿದ್ದಾಗ ಉಕ್ಕಿನ ತಂತಿಯ ಹರಿದ ಎಳೆಗಳು ಚುಚ್ಚಿ ಆದ ಕಲೆಗಳು ಅವು. "ತಂತೀನ ಬರಿಗೈಲಿ ಸವರ್ಬಾರ್ದು ಅಂತ ಬುದ್ಧಿ ಬರೋಕೆ ಇಷ್ಟು ತೂತು ಬೇಕಾಯ್ತು ನೋಡು" ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ನಾನು ಸೋಮವಾರಪೇಟೆ ಕಡೆಯ ವ್ಯಾಪಾರದ ಮನೆಯವಳು, ಈಜು ಬಾರದವಳು. ಹಾರಂಗಿ ಅಣೆಕಟ್ಟನ್ನೂ ಅಪ್ಪನ ಕೈ ಹಿಡಿದು ದೂರದಿಂದಲೇ ನೋಡಿ ಬಂದವಳು. ಮದುವೆಯಾಗಿ ಕಕ್ಕಬೆಗೆ ಬಂದರೆ ಮನೆಯ ಕಾಫಿ ಕಣದ ಶೆಡ್ಡಿನಲ್ಲಿ ಒಂದು ಹಾಯಿದೋಣಿ! ಒಳಗೆ ಇಬ್ಬರು ಮಲಗುವಷ್ಟು ಜಾಗ, ಕೆಳಗೆ ಗಾಲಿ. ಹೆದರುವವರ ಮೇಲೆ ಹಾವು ಎಸೆದರು ಅನ್ನುತ್ತಾರಲ್ಲ, ಹಾಗಾಯಿತು ನನ್ನ ಪಾಡು.

ಕಾಫಿ ಹಣ್ಣು ಕೀಳುವ ಪಿಕಿಂಗ್ ಮುಗಿದು, ಅದನ್ನು ಒಣಗಿಸುವ ಕಣ ಖಾಲಿಯಾದ ಕೂಡಲೇ ದೋಣಿ ಹೊರಗೆ ಬರುತ್ತಿತ್ತು. ಅದನ್ನು ಜೀಪಿಗೆ ಕಟ್ಟಿ, ಮಾಕುಟ್ಟ ಘಾಟಿ ಇಳಿಸಿ, ಕೇರಳದ ಕಡಲಿಗೆ ಒಯ್ದು, ಮಳೆಗೆ ಮುಂಚೆ ವಾಪಸು ತರುವುದು ಈ ಮನೆಯ ವಾಡಿಕೆ. ಹೊರಡುವ ಮುಂಚೆ ಕಣದಲ್ಲೇ ದೋಣಿಯ ಕಂಬ ಎತ್ತಿ, ಅದನ್ನು ನಾಲ್ಕೂ ಕಡೆಯಿಂದ ಹಿಡಿದು ನಿಲ್ಲಿಸುವ ತಂತಿಗಳನ್ನು ಹದ ಮಾಡುತ್ತಿದ್ದರು. ಪಕ್ಕದ ಹೋಂಸ್ಟೇಗೆ ಬಂದವರು ಬೇಲಿಯಾಚೆ ನಿಂತು ಫೋಟೋ ತೆಗೆಯುತ್ತಿದ್ದರು. ಮಾವನವರಿಗೆ ಅದೊಂದೂ ಕಾಣುತ್ತಿರಲಿಲ್ಲ. ದೋಣಿಯ ಮೇಲೆ ಅಂಗಾತ ಮಲಗಿ, ಒಂದು ಕಣ್ಣು ಮುಚ್ಚಿ, ಕಂಬ ನೆಟ್ಟಗಿದೆಯೇ ಎಂದು ನೋಡುವರು. ಅಳತೆಯ ಟೇಪನ್ನು ಹಗ್ಗದಲ್ಲಿ ಕಂಬದ ತುದಿಗೇರಿಸಿ ಎಡಕ್ಕೂ ಬಲಕ್ಕೂ ತಾಗಿಸುವರು. ಒಂದು ಕೂದಲಿನಷ್ಟು ವ್ಯತ್ಯಾಸ ಬಂದರೂ ತಂತಿಯ ಬುಡದ ಬಿಗಿ ತಿರುಪನ್ನು ಈ ಕಡೆ ಅರ್ಧ ಸುತ್ತು, ಆ ಕಡೆ ಅರ್ಧ ಸುತ್ತು ತಿರುಗಿಸುವರು. ಎಲ್ಲ ಸರಿಹೋದ ಮೇಲೆ ತಿರುಪು ತಾನಾಗಿ ಬಿಚ್ಚದಂತೆ ತೂತಿಗೊಂದು ಪಿನ್ ಚುಚ್ಚಿ ಮಡಿಸುವರು. ಆ ಕಂಬ ನಿಂತಷ್ಟು ದಿನ ನಾನು ಆಕಾಶವನ್ನೇ ನೋಡುತ್ತಿದ್ದೆ. ಬೇಸಿಗೆಯ ಮೊದಲ ಗುಡುಗಿಗೆ ಸಿಡಿಲು ಬಡಿಯುವುದಿದ್ದರೆ ಅದಕ್ಕೇ ಬಡಿಯಬೇಕು.

ಒಂದು ವರ್ಷ ಅವರ ಒತ್ತಾಯಕ್ಕೆ ನಾನೂ ದೋಣಿ ಹತ್ತಿದೆ. ಮಗಳಿನ್ನೂ ಚಿಕ್ಕವಳು, ಅಜ್ಜನ ಕಾಲಿಗೆ ಒರಗಿ ಕುಳಿತಿದ್ದಳು. ದಡ ಸಣ್ಣದಾಗುತ್ತ ಬಂದಂತೆ ಗಾಳಿ ಏರಿತು, ದೋಣಿ ಒಂದು ಕಡೆಗೆ ವಾಲಿತು. ಮೇಲೆದ್ದ ಕಡೆಯ ತಂತಿ ಬಿಗಿದು ನಿಂತರೆ, ವಾಲಿದ ಕಡೆಯದು ಸಡಿಲಾಗಿ ಅಲುಗಾಡತೊಡಗಿತು. ಅದನ್ನು ನೋಡಿದ್ದೇ ನನ್ನ ಗಂಡ ಸ್ಪ್ಯಾನರ್ ಹಿಡಿದು ಓಡಿದರು. ತೋಟದಲ್ಲಿ ಕಾಫಿಗೆ ನೆರಳು ಕೊಡುವ ಸಿಲ್ವರ್ ಮರ ಕಡಿಸುವಾಗ ಒಂದು ಕಡೆಯ ಹಗ್ಗ ಸಡಿಲಾಯಿತೆಂದರೆ ಹಿಡಿದವನು ಕೈಬಿಟ್ಟ, ಮರ ಯಾರದೋ ತಲೆ ಮೇಲೆ ಬಿತ್ತು ಎಂದೇ ಅರ್ಥ. ಆ ಲೆಕ್ಕವೇ ಅವರ ತಲೆಯಲ್ಲಿ. ಪಿನ್ ಕಿತ್ತು, ತಿರುಪು ಬಿಗಿಯಲು ಶುರುಮಾಡಿದರು.

"ಏ, ಬಿಡೋ ಅದನ್ನ! ಅದು ಸುಧಾರಿಸ್ಕೊಳ್ತಾ ಇದೆ ಮಾರಾಯ. ಒಂದು ದುಡೀವಾಗ ಇನ್ನೊಂದು ಉಸಿರು ಬಿಡ್ಬೇಕು" ಎಂದು ಮಾವನವರು ಚುಕ್ಕಾಣಿಯಿಂದಲೇ ಗದರಿದರು. ಇವರು ಪೆಚ್ಚಾಗಿ ವಾಪಸು ಬಂದು ಕುಳಿತರು. ಪಿನ್ನಿನ ನೆನಪು ಇಬ್ಬರಿಗೂ ಬರಲಿಲ್ಲ.

ನಾನು ಜೀವ ಕೈಯಲ್ಲಿ ಹಿಡಿದು ಒಳಬಾಗಿಲ ಹತ್ತಿರ ಮುದುಡಿಕೊಂಡಿದ್ದೆ. ನೀರಿನ ಕಡೆ ನೋಡಲಾರದೆ ಎದುರಿಗಿದ್ದ ಆ ತಿರುಪನ್ನೇ ದಿಟ್ಟಿಸುತ್ತಿದ್ದೆ. ತಂತಿ ಅಲುಗಿದಾಗೆಲ್ಲ ಅದು ಚೂರು ಚೂರೇ ತಿರುಗುತ್ತಿತ್ತು. ಯಾರೂ ಮುಟ್ಟಿರಲಿಲ್ಲ. ಕಣ್ಣಿನ ಭ್ರಮೆಯೆಂದುಕೊಂಡೆ. ಮತ್ತೆ ತಿರುಗಿತು. ಅಷ್ಟರಲ್ಲಿ ಮಾವನವರು, "ಸರಿ, ಮನೆ ಕಡೆ ತಿರುಗಿಸ್ತೀನಿ, ಹಾಯಿ ಇನ್ನೊಂದು ಕಡೆ ಬೀಸುತ್ತೆ, ತಲೆ ತಗ್ಗಿಸಿ" ಅಂದರು.

"ಮಾವ, ಇದು ಬಿಚ್ಕೊಳ್ತಾ ಇದೆ!" ಎಂದು ಕಿರುಚಿದೆ.

ಅವರ ಮುಖದ ಬಣ್ಣ ಹೋದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ದೋಣಿ ತಿರುಗಿಸಲಿಲ್ಲ. ಮಗನ ಕೈಯಲ್ಲಿ ಹಾಯಿಗಳನ್ನು ಇಳಿಸಿ, ತೆವಳಿಕೊಂಡು ಬಂದು ತಿರುಪಿನ ಮೇಲೆ ಕೈಯಿಟ್ಟರು. ಕೊನೆಯ ಎರಡು ಸುತ್ತಿನಲ್ಲಿ ನಿಂತಿತ್ತು. ದೋಣಿ ತಿರುಗಿಸಿದ್ದರೆ ಗಾಳಿಯ ಭಾರವೆಲ್ಲ ಈ ಕಡೆಯ ತಂತಿಗೆ ಬಂದು ಆ ಎರಡು ಸುತ್ತೂ ಕಿತ್ತುಹೋಗುತ್ತಿದ್ದವು, ಕಂಬ ನಮ್ಮ ಮೇಲೆ ಬೀಳುತ್ತಿತ್ತು. ಕೆಳಗೆ ಮಗಳಿದ್ದಳು. ತಿರುಪು ಮತ್ತೆ ಕೂರಿಸಿದರು, ಆದರೆ ಇವರು ಕಿತ್ತ ಪಿನ್ ನೀರುಪಾಲಾಗಿತ್ತು. ನನ್ನ ತಲೆಯಿಂದ ಹೇರ್‌ಪಿನ್ ತೆಗೆದು ಕೊಟ್ಟೆ. ಅದನ್ನೇ ಚುಚ್ಚಿ ಮಡಿಸಿದರು.

ಊರಿಗೆ ಬಂದ ಮೇಲೆ, ದೋಣಿ ಮಾರಿಬಿಡಿ ಎಂದು ಮಾವನವರನ್ನು ಕೇಳಿಕೊಂಡೆ. "ನಮ್ಗೆ ರೂಢಿಯಾಗಿ ಕಣ್ಣು ಕುರುಡಾಗಿದೆ ಮಗಳೇ. ನಿಂಗೆ ಹೆದ್ರಿಕೆ ಉಂಟು, ಅದಕ್ಕೇ ಕಂಡಿತು. ಇನ್ಮೇಲೆ ನೀನು ನೋಡಿ 'ಎತ್ತಿ' ಅಂದ್ರೆ ಮಾತ್ರ ಕಂಬ ಎತ್ತೋದು. ಬೇಡ ಅಂದ್ರೆ ಬೇಡ, ಯಾಕೆ ಅಂತ ಕೇಳೋದಿಲ್ಲ" ಅಂದರು. ಆಮೇಲೆ, "ಹೆದ್ರಿಕೆ ಇರ್ಲಿ. ಆದ್ರೆ ಹೆದ್ರಿಕೆಗೆ ಸುಳ್ಳು ಹೇಳೋದು ಕಲಿಸ್ಬೇಡ" ಎಂದೂ ಸೇರಿಸಿದರು.

ಅಂದಿನಿಂದ ಪ್ರತಿ ವರ್ಷ ಕಣದಲ್ಲಿ ಮಲಗಿಸಿದ ಕಂಬದ ಪಕ್ಕ ಕೂತು, ಹಳೆ ಕಾಟನ್ ಸೀರೆಯ ಚಿಂದಿಯನ್ನು ಒಂದೊಂದೇ ತಂತಿಗೆ ಸುತ್ತಿ ಬುಡದಿಂದ ತುದಿಯವರೆಗೆ ಎಳೆಯುವುದು ನನ್ನ ಕೆಲಸವಾಯಿತು. ಎಲ್ಲಾದರೂ ಎಳೆ ಹರಿದಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಒಂದು ಸಲ ಸಿಕ್ಕಿಕೊಂಡಿತು. ಹೊಸ ತಂತಿ ಬರುವಷ್ಟರಲ್ಲಿ ಮಳೆ ಹಿಡಿಯಿತು, ಆ ವರ್ಷ ಕಡಲೇ ಇಲ್ಲ. ಮಾವನವರು ತಾವೇ ದೋಣಿಯನ್ನು ಮತ್ತೆ ಶೆಡ್ಡಿಗೆ ಸೇರಿಸಿದರು.

ಕಳೆದ ಪಿಕಿಂಗಿನ ಸಮಯದಲ್ಲಿ, ಕಣದ ಕುರ್ಚಿಯಲ್ಲಿ ಕೂತು ಕಾಫಿ ಹರವುವುದನ್ನು ನೋಡುತ್ತಿದ್ದ ಮಾವನವರು ಹಾಗೆಯೇ ಹೋಗಿಬಿಟ್ಟರು. ಮಡಿಲ ಮೇಲಿದ್ದ ಅಂಗೈ ತೆರೆದೇ ಇತ್ತು.

ಕಣ ಖಾಲಿಯಾದ ಮೇಲೆ ನನ್ನ ಗಂಡ ದೋಣಿ ಹೊರತೆಗೆದರು. ಈ ಸಲ ಅಪ್ಪ ಮಗಳು ಇಬ್ಬರೇ ಹೋಗುವುದಂತೆ. ಚುಕ್ಕಾಣಿ ಹಿಡಿಯಲು ಮಾವನವರೇ ಇಲ್ಲ. ಮಗಳು ಚಿಂದಿ ತಂದುಕೊಟ್ಟಳು. ಎಳೆದೆ. ಸಿಕ್ಕಿಕೊಳ್ಳಲಪ್ಪಾ ದೇವರೇ ಎಂದು ಬೇಡಿಕೊಳ್ಳುತ್ತಲೇ ಎಳೆದೆ. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಮತ್ತೆ ಮೊದಲಿನಿಂದ ಎಳೆದೆ. ಬಟ್ಟೆ ನುಣ್ಣಗೆ ಜಾರಿ ಬಂತು. ಬೇಡ ಅಂದಿದ್ದರೆ ಯಾಕೆ ಎಂದು ಕೇಳುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ, ಮಾವನವರು ಹಾಗೆಂದು ಮಾತು ಕೊಟ್ಟು ಹೋಗಿದ್ದರಲ್ಲ. ಇವರೂ ಮಗಳೂ ಕಂಬದ ಎರಡು ತುದಿಗೆ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಖಾಲಿ ಕುರ್ಚಿ ಕಣದ ಅಂಚಿನಲ್ಲೇ ಇತ್ತು.

ತಲೆಯಿಂದ ಎರಡು ಹೇರ್‌ಪಿನ್ ತೆಗೆದು ಮಗಳ ಜೇಬಿಗೆ ಹಾಕಿದೆ.

"ಎತ್ತಿ" ಅಂದೆ.